ಮೀಸಲಿಗೆ ಬಡ್ಡಿ ಕೇಳಿದವರು

ಬ್ಯಾಂಕುಗಳು ತನ್ನಲ್ಲಿ ಇಡುವ ಮೀಸಲು ಹಣಕ್ಕೆ ಇನ್ನು ಮುಂದೆ ಬಡ್ಡಿ ಕೊಡುವುದಿಲ್ಲ ಎಂದು ಬೊಂಬಾಯಿಯ ಕೇಂದ್ರ ಬ್ಯಾಂಕು ತೀರ್ಮಾನಿಸಿದ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂದಿತ್ತು. ಬೆರಳುದ್ದದ ಸುದ್ದಿ. ಪಕ್ಕದ ಸೀರೆ ಅಂಗಡಿಯ ಜಾಹೀರಾತು ಅದಕ್ಕಿಂತ ಎಷ್ಟೋ ದೊಡ್ಡದಿತ್ತು. ಓದಿದ ಕೂಡಲೇ ನನ್ನ ಬಾಯಿಂದ ಹೊರಟ ಮಾತು, “ಸದ್ಯ, ಇದನ್ನ ನೋಡೋಕೆ ಅವರಿಲ್ಲ.” ನನ್ನ ಗಂಡ ಒಳಗಿನಿಂದ “ಯಾರು?” ಎಂದರು. “ಇನ್ಯಾರು?” ಎಂದೆ. ಅವರಿಗೂ ಗೊತ್ತಾಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆಗಳಿಗೆ ಓದುಗರ ಪತ್ರ ಬರೆಯುವಾಗಲೂ ಅವರು ‘ಒಬ್ಬ ಠೇವಣಿದಾರ’ ಎಂದಷ್ಟೇ ಸಹಿ ಹಾಕುತ್ತಿದ್ದರು. ಹೆಸರು ಹಾಕಿದರೆ ಜನ ವಿಷಯ ಬಿಟ್ಟು ಇವನು ಯಾವ ಊರಿನವನು, ಯಾರ ಪೈಕಿ ಎಂದು ವಿಚಾರಿಸಲು ಹೊರಡುತ್ತಾರೆ ಎನ್ನುವುದು ಅವರ ಅನುಭವ. ಊರು ಹೇಳಿದರೆ ಬೇಸರಪಡಲಾರರು: ಸಂತೆಮರಹಳ್ಳಿ ಕಡೆಯವರು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಚಾಮರಾಜನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಗುಂಡ್ಲುಪೇಟೆಯ ನಮ್ಮ ಬ್ಯಾಂಕಿನ ಶಾಖೆ ಒಂದು ಅಕ್ಕಿ ಮಂಡಿಯ ಮಹಡಿಯಲ್ಲಿತ್ತು. ಕೆಳಗೆ ಮೂಟೆ ಇಳಿಸಿದರೆ ಮೇಲೆ ನಮ್ಮ ಟೇಬಲ್ಲುಗಳು ನಡುಗುತ್ತಿದ್ದವು. ನಾನು ಅಲ್ಲಿ ಗುಮಾಸ್ತೆ. ಬೇಗೂರಿನಲ್ಲಿ ಹುಟ್ಟಿ ಗುಂಡ್ಲುಪೇಟೆಗೆ ಸೇರಿದವಳು. ಅವರು ಅಕೌಂಟೆಂಟರಾಗಿ ವರ್ಗವಾಗಿ ಬಂದರು. ಚಾಮರಾಜನಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ನಲವತ್ತರ ಆಸುಪಾಸಿನ ವಯಸ್ಸು, ತೆಳ್ಳಗಿನ ಮೈ, ಹಣೆ ತುಂಬ ವಿಭೂತಿ. ತಂದೆತಾಯಿ ಇರಲಿಲ್ಲ, ಮದುವೆಯಾಗಿರಲಿಲ್ಲ. ವಾದಕ್ಕೆ ಇಳಿದರೆಂದರೆ ಎಡಗೈಯ ಹೆಬ್ಬೆರಳನ್ನು ಬಲಗೈ ಮುಷ್ಟಿಯಲ್ಲಿ ಹಿಡಿದು ಎದುರಿಗಿದ್ದವರ ಮೂಗಿನ ಹತ್ತಿರ ತರುತ್ತಿದ್ದರು. ಹೆಬ್ಬೆರಳು ಅಂದರೆ ಮೀಸಲು ಹಣ. ಮುಷ್ಟಿ ಅಂದರೆ ಬೊಂಬಾಯಿ. ವಾದ ಬಿಸಿಯಾದಷ್ಟೂ ಮುಷ್ಟಿ ಬಿಗಿಯಾಗಿ ಹೆಬ್ಬೆರಳು ಕೆಂಪೇರುತ್ತಿತ್ತು. ಆ ಬೆರಳಿನ ಮೇಲಿನ ಮರುಕಕ್ಕೇ ಎಷ್ಟೋ ಜನ ಅವರ ಮಾತನ್ನು ಒಪ್ಪಿಬಿಡುತ್ತಿದ್ದರು.

ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನೀವು ಬ್ಯಾಂಕಿನಲ್ಲಿ ಹಣ ಇಡುತ್ತೀರಿ. ಬ್ಯಾಂಕು ಅದನ್ನೆಲ್ಲ ಸಾಲ ಕೊಡುವ ಹಾಗಿಲ್ಲ. ಅದರಲ್ಲೊಂದು ಪಾಲನ್ನು ಕೇಂದ್ರ ಬ್ಯಾಂಕಿನಲ್ಲಿ ಇಡಲೇಬೇಕು. ದೇಶದಲ್ಲಿ ದುಡ್ಡು ಕಟ್ಟೆಯೊಡೆದು ಹರಿದು ಬೆಲೆಗಳೆಲ್ಲ ಏರದಿರಲಿ ಎಂದು ಈ ಏರ್ಪಾಡು. ಹಾಗೆ ಇಟ್ಟ ಹಣ ಅಲ್ಲೇ ಕೂತಿರುತ್ತದೆ. ಬ್ಯಾಂಕು ಮುಟ್ಟುವ ಹಾಗಿಲ್ಲ. ಆ ಕಾಲದಲ್ಲಿ ಇದಕ್ಕೆ ಕೇಂದ್ರ ಬ್ಯಾಂಕು ಬಡ್ಡಿ ಕೊಡುತ್ತಿತ್ತು, ಆದರೆ ಒಂದು ಭಾಗಕ್ಕೆ ಉಂಟು, ಇನ್ನೊಂದು ಭಾಗಕ್ಕೆ ಇಲ್ಲ. ಈ ವರ್ಷ ಇಷ್ಟು, ಮುಂದಿನ ವರ್ಷ ಬೇರೆ. ಬಡ್ಡಿ ಇಳಿಸಿದ ಸುತ್ತೋಲೆ ಬಂದ ದಿನ ಅವರು ಕಾಫಿ ಕುಡಿಯುತ್ತಿರಲಿಲ್ಲ. ಆ ಬಡ್ಡಿ ಲೆಕ್ಕವೆಲ್ಲ ಹೆಡ್ಡಾಫೀಸಿನದು. ನಮ್ಮ ಗುಂಡ್ಲುಪೇಟೆ ಶಾಖೆಗೂ ಅದಕ್ಕೂ, ನನಗೂ ಬೊಂಬಾಯಿಯ ಸಮುದ್ರಕ್ಕೂ ಇದ್ದಷ್ಟೇ ಸಂಬಂಧ.

“ಅಲ್ಲ ಕಣಮ್ಮ,” ಅನ್ನುತ್ತಿದ್ದರು. “ನಿಮ್ ಎಮ್ಮೇನ ನಾನು ಹೊಡ್ಕೊಂಡು ಹೋಗಿ ನಮ್ ಕೊಟ್ಟಿಗೇಲಿ ಕಟ್ಟಾಕೋತೀನಿ. ನೀವು ಹಾಲು ಕರ್ಕೊಳ್ಳೋ ಹಂಗಿಲ್ಲ, ಬಿಚ್ಕೊಂಡು ಹೋಗೋ ಹಂಗಿಲ್ಲ. ಮೇವು ಯಾರು ಹಾಕ್ಬೇಕು?”

“ನೀವೇ ಸಾರ್.”

“ಬೊಂಬಾಯಿನೋರು ಪೂರ್ತಿ ಹಾಕ್ತಾ ಅವ್ರಾ?”

“ಇಲ್ಲ ಸಾರ್.”

“ಮತ್ತೆ!” ಎಂದು ನನ್ನ ಕಡೆ ನೋಡುತ್ತಿದ್ದರು, ನಾನೇ ಆ ಮೇವು ಕದ್ದವಳು ಅನ್ನುವ ಹಾಗೆ. ಮಾರ್ಚ್ ಕೊನೆಯ ಲೆಕ್ಕಪತ್ರದ ಗಡಿಬಿಡಿಯಲ್ಲೂ ಈ ಎಮ್ಮೆ ಬಂದು ಮಧ್ಯೆ ನಿಲ್ಲುತ್ತಿತ್ತು. ಒಳ್ಳೆಯವರ ಜೊತೆ ಕೆಲಸ ಮಾಡುವುದು ಸುಲಭ ಅಂತ ಯಾರು ಹೇಳಿದರೋ ಕಾಣೆ.

ಇಷ್ಟೇ ಆಗಿದ್ದರೆ ಅವರನ್ನು ಒಬ್ಬ ಬಾಯಿಬಡುಕ ಎಂದು ಮರೆತುಬಿಡುತ್ತಿದ್ದೆ. ಅವರು ಇದನ್ನು ನಡೆಸಿ ತೋರಿಸುತ್ತಿದ್ದರು. ಊಟಕ್ಕೆ ಮೂರಂತಸ್ತಿನ ಕ್ಯಾರಿಯರ್ ತರುತ್ತಿದ್ದರು. ಮೇಲಿನ ಡಬ್ಬಿಯನ್ನು ಮಧ್ಯಾಹ್ನ ಮುಟ್ಟುತ್ತಿರಲಿಲ್ಲ. ಅದು ಮೀಸಲು. ಸಂಜೆ ಬಾಗಿಲು ಹಾಕಿದ ಮೇಲೆ ಅದನ್ನು ತೆಗೆದು, ಇಷ್ಟು ಹೊತ್ತು ಕಾಯಿಸಿದ್ದಕ್ಕೆ ಹೊಟ್ಟೆಗೆ ಬಡ್ಡಿ ಅಂತ ಒಂದು ಯಾಲಕ್ಕಿ ಬಾಳೆಹಣ್ಣನ್ನೂ ಸೇರಿಸಿ ತಿನ್ನುತ್ತಿದ್ದರು. ನಾನು ಒಮ್ಮೆ ಕೇಳಿಯೇಬಿಟ್ಟೆ: “ಸಾರ್, ಹಣ್ಣು ನಿಮ್ಮದು, ಹೊಟ್ಟೆ ನಿಮ್ಮದು. ಇದರಲ್ಲಿ ಕೊಟ್ಟೋರು ಯಾರು, ತಗೊಂಡೋರು ಯಾರು?” ಅವರು ನಗಲಿಲ್ಲ. ಒಳ್ಳೆಯ ಪ್ರಶ್ನೆ ಎಂದು ಹೇಳಿ ಎದ್ದು ಹೋದರು. ನಾನು ಕೇಳಿದ್ದನ್ನು ನಾನೇ ಮರೆತಿದ್ದಾಗ ಒಂದು ಬೆಳಿಗ್ಗೆ ಬಂದು ನನ್ನ ಕೌಂಟರಿನ ಮೇಲೆ ಬಗ್ಗಿ, “ಕಾಯ್ಸಿದ್ದು ಬುದ್ಧಿ, ಕಾದಿದ್ದು ಹೊಟ್ಟೆ. ಎರಡೂ ಬೇರೆ ಬೇರೆ ಖಾತೆ ಕಣಮ್ಮ,” ಎಂದರು. ಮುಖದಲ್ಲಿ ಪರೀಕ್ಷೆ ಪಾಸಾದ ಸಂತೋಷವಿತ್ತು.

ಆಮೇಲೆ ಟೋಕನ್ನಿನ ಪ್ರಸಂಗ. ಹಣ ತೆಗೆಯಲು ಬಂದವರಿಗೆ ಹಿತ್ತಾಳೆಯ ಬಿಲ್ಲೆ ಕೊಟ್ಟು ಕೂರಿಸುತ್ತಿದ್ದ ಕಾಲ. ಬಹಳ ಹೊತ್ತು ಕಾಯಿಸಿದವರಿಗೆ ನಾವು ಏನಾದರೂ ಕೊಡಬೇಕು ಎಂದು ಅವರು ಎದುರು ಹೋಟೆಲಿಗೆ ಹೇಳಿ ಸ್ವಂತ ಖರ್ಚಿನಲ್ಲಿ ಕಾಫಿ ತರಿಸತೊಡಗಿದರು. ಸುದ್ದಿ ಸುತ್ತಲಿನ ಹಳ್ಳಿಗಳಿಗೆ ಹಬ್ಬಿತು. ಶಾಖೆಯ ಬೆಂಚುಗಳು ತುಂಬಿ ಹೋದವು. ಜನ ಕಾಯಲೆಂದೇ ಬರುತ್ತಿದ್ದರು. “ಅರ್ಜೆಂಟಿಲ್ಲ ಬುಡಿ ತಾಯಿ, ನಿದಾನ್ವಾಗಿ ಮಾಡಿ,” ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ಬೇಗೂರು ಕಡೆಯ ಒಬ್ಬ ಅರಿಸಿನದ ರೈತರಿಗಂತೂ ನಮ್ಮಲ್ಲಿ ಖಾತೆಯೇ ಇರಲಿಲ್ಲ. ಬಂದು ಕೂತು ಕಾಫಿ ಕುಡಿದು, ಸಕ್ಕರೆ ಜಾಸ್ತಿಯಾಯಿತು ಎಂದು ಹೇಳಿ ಹೋದರು. ಮ್ಯಾನೇಜರು ಕೆಂಡವಾದರು. “ಏನ್ರೀ ಇದು, ಬ್ಯಾಂಕೋ ಹೋಟ್ಲೋ?” ಅಂದರು. ಇವರು ಶಾಂತವಾಗಿ, “ಸಾರ್, ಇಷ್ಟು ದಿನ ಇದು ದನ ಕೂಡೋ ದೊಡ್ಡಿಯಾಗಿತ್ತು,” ಅಂದರು. ಕಾಫಿ ನಿಂತಿತು. ಕಾಯಿಸುವುದು ನಿಲ್ಲಲಿಲ್ಲ.

ಮುಂದೆ ಎಷ್ಟೋ ವರ್ಷಗಳ ನಂತರ ಅವರ ಸ್ವಯಂನಿವೃತ್ತಿಯ ಸಮಾರಂಭಕ್ಕೆ ಹೋಗಿದ್ದೆ. ಮುಖ್ಯ ಅತಿಥಿಯಾಗಿ ಬರಬೇಕಾಗಿದ್ದ ದೊಡ್ಡ ಅಧಿಕಾರಿ ಹೊತ್ತಾದರೂ ಬರಲಿಲ್ಲ. ಕೊರಳಲ್ಲಿ ಸೇವಂತಿಗೆ ಹಾರ, ತಲೆಯ ಮೇಲೆ ಪೇಟ ತೊಟ್ಟ ಇವರು ವೇದಿಕೆಯಿಂದ ಇಳಿದು ಬಂದು, ಕೂತಿದ್ದವರಿಗೆಲ್ಲ ಬಿಸ್ಕತ್ತು ಹಂಚುತ್ತಾ ಹೋದರು. ನನ್ನ ಹತ್ತಿರ ಬಂದಾಗ, “ನೀವು ಮುಂಚೆ ಬಂದಿದ್ದೀರಿ, ಎರಡು ತಗೊಳ್ಳಿ,” ಎಂದರು.

ಈ ‘ಮುಂಚೆ ಬಂದವರಿಗೆ ಎರಡು’ ಅನ್ನುವ ನಿಯಮವನ್ನು ಅವರಿಗೆ ಕಲಿಸಿದ್ದು ಒಬ್ಬ ಹೆಂಗಸು, ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಸಂಜೆಯ ಬಸ್ಸಿನಲ್ಲಿ. ಅವತ್ತು ಯಾರದೋ ಮನೆಯ ಮದುವೆಗೆಂದು ನಾನೂ ಅದೇ ಬಸ್ಸಿನಲ್ಲಿದ್ದೆ. ಬಸ್ಸು ಕಿಕ್ಕಿರಿದಿತ್ತು. ಒಂದು ಸೀಟಿನಲ್ಲಿ ಮಾತ್ರ ಜನ ಇರಲಿಲ್ಲ, ಒಂದು ಟವೆಲ್ ಇತ್ತು. ತೆರಕಣಾಂಬಿಯಲ್ಲಿ ಇನ್ನಷ್ಟು ಜನ ಹತ್ತಿದರು. ಟವೆಲ್ ಅಲ್ಲಾಡಲಿಲ್ಲ.

“ಯಾರದಪ್ಪಾ ಇದು?” ಎಂದರು ನಮ್ಮ ಅಕೌಂಟೆಂಟರು.

“ನಂದೇ ಕಣಣ್ಣ,” ಎಂದ ಪಕ್ಕದಲ್ಲಿ ಕೂತು ಹುರಿದ ಕಡಲೆಕಾಯಿ ತಿನ್ನುತ್ತಿದ್ದವನು. “ನಮ್ ಭಾವ ಮುಂದ್ಲೂರಲ್ಲಿ ಅತ್ತಾನ. ಸೀಟು ಇಡ್ದಿವ್ನಿ.”

“ಹಿಡ್ಕೊ. ಬ್ಯಾಡ ಅನ್ನಲ್ಲ. ಆದ್ರೆ ಹಿಡ್ದಿದ್ದಕ್ಕೆ ಏನ್ ಕೊಡ್ತೀಯಾ?”

“ಯಾರ್ಗ?”

“ನಿಂತಿರೋರ್ಗೆ.”

ಅವನು ಕಂಡಕ್ಟರನ ಮುಖ ನೋಡಿದ. ಕಂಡಕ್ಟರ್ ಕೂಡ ನಿಂತೇ ಇದ್ದವನಾದ್ದರಿಂದ, “ಕೊಡ್ಲಾ, ನಂಗೂವೆ,” ಎಂದ. ಎಮ್ಮೆಯ ಉಪನ್ಯಾಸ ಶುರುವಾಯಿತು, ಹೆಬ್ಬೆರಳು ಮುಷ್ಟಿಗೆ ಹೋಯಿತು. ಅವನು ಸಾಕಾಗಿ ಹೋಗಿ ಪೊಟ್ಟಣವನ್ನೇ ಇವರ ಕೈಗೆ ಕೊಟ್ಟ. ಇವರು ನಿಂತವರಿಗೆಲ್ಲ ಒಂದೊಂದು ಹಿಡಿ ಕಡಲೆಕಾಯಿ ಹಂಚುತ್ತಾ ಬಂದರು. ಮುಂದಿನ ಕಂಬಿ ಹಿಡಿದು ನಿಂತಿದ್ದ, ಹೆಗಲಿಗೆ ಚೀಲ ಹಾಕಿದ್ದ ಹೆಂಗಸೊಬ್ಬರು ಮಾತ್ರ ಕೈ ಒಡ್ಡಿ ಹಾಗೇ ಇಟ್ಟುಕೊಂಡರು.

“ಇಷ್ಟೇಯಾ? ನಾನು ತೆರಕಣಾಂಬಿಯಿಂದ ನಿಂತಿವ್ನಿ. ಈಗ ಕೈ ತೋರ್ಸಿ ಅತ್ತಿದೋರ್ಗೂ ಒಂದು ಹಿಡಿ, ನಂಗೂ ಒಂದು ಹಿಡಿಯಾ?”

ಇವರು ಬಸ್ಸಿನ ಮಧ್ಯೆ ಹಾಗೇ ನಿಂತುಬಿಟ್ಟರು. ಆಮೇಲೆ ಪೊಟ್ಟಣದಲ್ಲಿ ಉಳಿದಿದ್ದನ್ನೆಲ್ಲ ಆ ಕೈಗೆ ಸುರಿದರು. ಮುಂದಿನ ಊರಿನಲ್ಲಿ ಭಾವ ಹತ್ತಲಿಲ್ಲ. ಯಾರೋ ಹೋಗಿ ಕೂರಲು ನೋಡಿದರೆ ಇವರೇ ತಡೆದರು. ಬಡ್ಡಿ ತಿಂದ ಮೇಲೆ ಸೀಟು ಕೇಳುವ ಹಕ್ಕು ಹೋಯಿತಂತೆ. ಹಾಗಾಗಿ ಚಾಮರಾಜನಗರದ ತನಕ ನಾವೆಲ್ಲ ನಿಂತು, ಕಡಲೆಕಾಯಿ ಜಗಿಯುತ್ತಾ, ಟವೆಲನ್ನು ಕೂರಿಸಿಕೊಂಡು ಹೋದೆವು. ಇಳಿದ ಮೇಲೆ ಅವರು ನನ್ನ ಹತ್ತಿರ ಬಂದು ಮೆಲ್ಲಗೆ, “ಅವಧಿ ಲೆಕ್ಕ ಹಾಕಿದ್ರು ಕಣಮ್ಮ ಆಕೆ,” ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಕೆಯ ಹೆಸರು ಗಿರಿಜಾ. ತೆರಕಣಾಂಬಿಯ ಶಾಲೆಯಲ್ಲಿ ಟೀಚರು, ಮೂವತ್ತು ದಾಟಿತ್ತು. ಅಪ್ಪ ಅವ್ವ ಚಿಕ್ಕಂದಿನಲ್ಲೇ ತೀರಿಕೊಂಡು ಚಾಮರಾಜನಗರದಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದವರು. ಮಾವ ಜಮೀನುದಾರರು, ಒಂದು ಸಹಕಾರ ಸಂಘದ ಕಾರ್ಯದರ್ಶಿ. ಹುಡುಗಿಯನ್ನು ಚೆನ್ನಾಗಿ ಓದಿಸಿದರು. ಆದರೆ ಬಂದ ಗಂಡುಗಳನ್ನೆಲ್ಲ ವಾಪಸು ಕಳಿಸಿದರು. ಒಬ್ಬ ಬಹಳ ಎತ್ತರ. ಇನ್ನೊಬ್ಬನ ಊರಿಗೆ ಬಸ್ಸಿಲ್ಲ. ಮತ್ತೊಬ್ಬನ ತಾಯಿಯ ಮಾತು ಜಾಸ್ತಿ. ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಮಂಡಿನೋವು, ಮನೆಯ ಕೆಲಸವೆಲ್ಲ ಗಿರಿಜಾ ಮೇಲೆ, ಸಂಬಳವೂ ಆ ಮನೆಗೇ. ಇದನ್ನೆಲ್ಲ ನನಗೆ ತೆರಕಣಾಂಬಿಯ ಗೆಳತಿಯೊಬ್ಬಳು ಹೇಳಿದಳು. ಮುಂದಿನ ವರ್ಷ ನೋಡನ, ಮುಂದಿನ ವರ್ಷ ನೋಡನ ಅನ್ನುತ್ತಲೇ ಒಬ್ಬ ಹುಡುಗಿಯ ವಯಸ್ಸನ್ನು ಕಳೆದುಬಿಟ್ಟಿದ್ದರು. ಕೇಳಿ ನನಗೆ ಮೈಯೆಲ್ಲ ಉರಿಯಿತು.

ಅಕೌಂಟೆಂಟರು ಸುತ್ತಿ ಬಳಸಿ, ಬಸ್ಸಿನ ವೇಳೆ, ರಸ್ತೆಯ ಗುಂಡಿ ಎಲ್ಲ ಮಾತಾಡಿದ ಮೇಲೆ ಒಂದು ದಿನ ವಿಷಯಕ್ಕೆ ಬಂದರು. “ನನ್ ಕಡೆಯಿಂದ ಹೋಗಿ ಮಾತಾಡೋಕೆ ಹೆಂಗಸರು ಯಾರೂ ಇಲ್ಲ ಕಣಮ್ಮ. ನೀವು, ನಿಮ್ ಯಜಮಾನ್ರು ಬಂದ್ರೆ... ಇಷ್ಟು ವರ್ಷ ನಂಗೆ ಮದುವೆ ಬೇಕು ಅಂತ ಅನ್ನಿಸಿರ್ಲಿಲ್ಲ. ಈಗ ಅನ್ನಿಸ್ತಾ ಇದೆ. ಇದು ಕೂಡ್ಲಿಲ್ಲ ಅಂದ್ರೆ ಇನ್ನು ಯಾರನ್ನೂ ನೋಡೋದಿಲ್ಲ.” ಹೆಬ್ಬೆರಳು ಅವತ್ತು ಸುಮ್ಮನೆ ಅದರ ಪಾಡಿಗೆ ಇತ್ತು.

ನನ್ನ ಗಂಡ ಪಂಚಾಯಿತಿಗಳಲ್ಲಿ ಪಳಗಿದವರು. ಗಿರಿಜಾ ಅವರ ಮಾವನ ಮನೆಗೆ ಹೋಗುವ ದಾರಿಯುದ್ದಕ್ಕೂ ಅಕೌಂಟೆಂಟರಿಗೆ ಒಂದೇ ಪಾಠ ಹೇಳಿದರು: “ಸಾರ್, ಏನು ಕೆಲ್ಸ ಅಂದ್ರೆ ಬ್ಯಾಂಕಾಪೀಸರ್ ಅನ್ನಿ. ಅಲ್ಲಿಗೆ ಬಾಯಿ ಮುಚ್ಚಿ.” ಅವರು ತಲೆಯಾಡಿಸಿದರು.

ಹಜಾರದಲ್ಲಿ ಕೂತೆವು. ಗಿರಿಜಾ ಉಪ್ಪಿಟ್ಟಿನ ತಟ್ಟೆಗಳನ್ನು ತಂದಿಟ್ಟು ಬಾಗಿಲ ಪಕ್ಕ ನಿಂತರು. ಸೋದರಮಾವ ಗಟ್ಟಿ ಆಳು, ಬಿಳಿ ಪಂಚೆ, ಗೋಡೆಯ ಮೇಲೆ ಅವರ ತಲೆಯ ಹಿಂದೆ ಹುಲಿಯ ಮೇಲೆ ಕೂತ ಮಾದಪ್ಪನ ದೊಡ್ಡ ಪಟ. “ಏನು ಕೆಲ್ಸ ತಮ್ದು?” ಎಂದರು.

“ಬ್ಯಾಂಕಾಪೀಸರ್,” ಎಂದರು ಇವರು. ನಾನು ಉಸಿರು ಬಿಟ್ಟೆ.

“ಬ್ಯಾಂಕಲ್ಲಿ ಏನು ಬುಡಿ, ಜನ ದುಡ್ಡಿಡ್ತಾರ, ನೀ‌ವು ಸಾಲ ಕೊಟ್ಬುಡ್ತೀರಿ.”

“ಎಲ್ಲ ಕೊಡೋ ಹಂಗಿಲ್ಲ ಯಜಮಾನ್ರೆ,” ಎಂದರು ಇವರು. ನನ್ನ ಗಂಡ ಕೆಮ್ಮಿದರು. ಕೆಮ್ಮಿ ಏನು ಪ್ರಯೋಜನ, ಎಮ್ಮೆ ಆಗಲೇ ಹಜಾರಕ್ಕೆ ಬಂದುಬಿಟ್ಟಿತ್ತು.

ಮಾವನೂ ಸುಮ್ಮನಿರುವವರಲ್ಲ, ಸಂಘ ನಡೆಸಿದವರು. “ಸುಮ್ಕ ಕುಂತಿರೋ ದುಡ್ಗ ಯಾಕ್ರೀ ಬಡ್ಡಿ?” ಎಂದರು. “ದೊಡ್ಡಿಗ ಕೂಡಿದ ದನಾನ ಒಡೇನೇ ದಂಡ ಕಟ್ಟಿ ಬುಡುಸ್ಕೊಂಡೋಗ್ಬೇಕು. ದೊಡ್ಡಿಯವ್ನು ಎದುರ್ಗ ದುಡ್ಡು ಕೊಟ್ಟಾನಾ?”

“ದೊಡ್ಡಿಗೆ ಹೋಗೋ ದನ ಪೈರು ಮೇಯ್ದಿರ್ತದೆ ಯಜಮಾನ್ರೆ. ಈ ದುಡ್ಡು ಯಾರ ಪೈರು ಮೇಯ್ದಿತ್ತು?”

ಮಾವ ಮೀಸೆ ಸವರಿದರು. ಆಮೇಲೆ ಹಿಂದೆ ತಿರುಗಿ ಪಟಕ್ಕೆ ಕೈಮುಗಿದು, ಇನ್ನು ಮಾತು ಮುಗಿಯಿತು ಎನ್ನುವ ಧ್ವನಿಯಲ್ಲಿ ಹೇಳಿದರು: “ಮಾದಪ್ಪನ್ಗ ಮುಡಿಪು ಕಟ್ಟಿ ಇಡ್ತೀವಿ. ಅರಿಸಿನದ ಬಟ್ಟೇಲಿ ಗಂಟಾಕಿ ಇಟ್ಮೇಲೆ ಬೆಟ್ಟಕ್ಕ ಓಗೋಗಂಟ ಮುಟ್ಟಾಕಿಲ್ಲ. ಅದೂ ಮೀಸಲೇಯ. ಮಾದಪ್ಪನ್ನ ಬಡ್ಡಿ ಕೇಳ್ದೋನು ಯಾವನಾರ ಅವ್ನಾ?”

ಇಲ್ಲಿ ‘ಇಲ್ಲ’ ಅಂದಿದ್ದರೆ ಉಪ್ಪಿಟ್ಟು ಬಿಸಿಯಾಗಿದ್ದಾಗಲೇ ತಿಂದು ಲಗ್ನದ ಮಾತಿಗೆ ಹೋಗಬಹುದಿತ್ತು. ಇವರು ಪಟವನ್ನು ಭಕ್ತಿಯಿಂದ ನೋಡಿದರು. ಅವರ ಕಣ್ಣು ಅರಳಿತು.

“ಕೇಳ್ತೀವಲ್ಲ ಯಜಮಾನ್ರೆ! ಮಳೆ ಕೊಡು, ಬೆಳೆ ಕೊಡು, ಮಗು ಕೊಡು ಅಂತ ಕೇಳ್ಕೊಂಡೇ ಮುಡಿಪು ಕಟ್ಟೋದು. ಮಾದಪ್ಪನೂ ಕೊಡ್ತಾನೆ. ಮಾದಪ್ಪನೇ ಕೊಡುವಾಗ ಬೊಂಬಾಯಿನೋರು ಅವನಿಗಿಂತ ದೊಡ್ಡೋರಾ?”

ಬಾಗಿಲ ಪಕ್ಕ ಗಿರಿಜಾ ತಲೆಯೆತ್ತಿ ಅವರನ್ನು ನೋಡಿದ್ದು ನನಗೆ ಕಾಣಿಸಿತು. ಮಾವ ಎದ್ದು ನಿಂತಿದ್ದರು. “ಮಾದಪ್ಪನ್ನ ಬಡ್ಡಿ ಕೊಡೋ ಸಾವ್ಕಾರ ಅಂದ್ಬುಟ್ಯಾ? ನಮ್ಮನೇಲಿ ಕುಂತ್ಕೊಂಡು?” ನನ್ನ ಗಂಡ ಕೈ ಹಿಡಿದು, ಕಾಲು ಹಿಡಿದು ಎಷ್ಟು ಹೇಳಿದರೂ ಕೇಳಲಿಲ್ಲ. “ಮೀಸಲ್ಗ ಬಡ್ಡಿ ಬ್ಯಾಡ ಅಂತ ಮಾದಪ್ಪನ ಮುಂದ ಯೋಳ್ಲಿ. ಯೋಳ್ದೆ ಇದ್ರ ನಮ್ ಉಡ್ಗೀನ ಕೊಡಾಕಿಲ್ಲ,” ಎಂದರು. ಇವರು ಗಿರಿಜಾ ಕಡೆ ಒಮ್ಮೆ ನೋಡಿ, ಕೈಮುಗಿದು, “ಅದು ಆಗಲ್ಲ ಯಜಮಾನ್ರೆ,” ಎಂದರು. ಲೋಕದಲ್ಲಿ ಕುಂಡಲಿ ಕೂಡದೆ, ಗೋತ್ರ ಕೂಡದೆ ಮುರಿದ ಸಂಬಂಧಗಳಿವೆ. ಕೇಂದ್ರ ಬ್ಯಾಂಕಿನ ಬಡ್ಡಿ ನೀತಿಯ ಮೇಲೆ ಮುರಿದ ಸಂಬಂಧ ಇದೊಂದೇ ಇರಬೇಕು.

ಆಮೇಲೆ ಅವರು ಸಂಜೆಯ ಆ ಬಸ್ಸು ಬಿಟ್ಟರು. ಅದಾದ ಮೇಲಿನ ಇನ್ನೊಂದು ಬಸ್ಸಿಗೆ ಕಾದು ಹೋಗುತ್ತಿದ್ದರು. ಕ್ಯಾರಿಯರಿನ ಮೂರು ಡಬ್ಬಿಗಳನ್ನೂ ಮಧ್ಯಾಹ್ನವೇ ಮುಗಿಸುತ್ತಿದ್ದರು, ರುಚಿ ನೋಡದವರ ಹಾಗೆ. ಬಡ್ಡಿ ಇಳಿಸಿದ ಸುತ್ತೋಲೆಯೊಂದು ಬಂತು. ಓದಿ ಫೈಲಿಗೆ ಹಾಕಿ ಕಾಫಿ ಕುಡಿದರು. ಅವತ್ತು ನನಗೆ ನಿಜವಾಗಿ ಭಯವಾಯಿತು. ನಮ್ಮ ಮ್ಯಾನೇಜರೇ ಬಂದು, “ಏನ್ರೀ, ಅವರಿಗೆ ಹುಷಾರಿಲ್ವಾ?” ಎಂದು ನನ್ನನ್ನು ಕೇಳಿದರು.

ಒಂದು ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅವರು ನನ್ನ ಟೇಬಲ್ಲಿನ ಮುಂದೆ ನಿಂತರು. “ಹೇಳ್ಬಿಡ್ತೀನಿ ಕಣಮ್ಮ. ಬಡ್ಡಿ ಬೇಡ ಅಂತ. ನಾನು ಬೇಕು ಅಂದ್ರೂ ಅವರು ಕೊಡೋ ಹಾಗೆ ಕೊಡ್ತಾರೆ, ಬೇಡ ಅಂದ್ರೂ ಅಷ್ಟೇ. ನಂದೊಂದು ಮಾತಿಗೆ ಆಕೇನ ಕಳ್ಕೊಳ್ಳೋಕೆ ಆಗ್ತಿಲ್ಲ.” ಕಣ್ಣು ಕೆಂಪಾಗಿತ್ತು. ನಾನು ಸಂತೋಷದಿಂದ ಮನೆಗೆ ಓಡಿ ಗಂಡನಿಗೆ ಹೇಳಿದೆ. ನನ್ನ ಗಂಡ ಮಾರನೆಯ ದಿನವೇ ಚಾಮರಾಜನಗರಕ್ಕೆ ಹೋಗಿ ಹೇಳಿ ಬಂದರು. ಭಾನುವಾರ ಬನ್ನಿ ಎಂದು ಮಾವ ಒಪ್ಪಿದರು.

ಹೋದರೆ ಅಲ್ಲಿ ಪೂಜೆಯ ಏರ್ಪಾಡೇ ಆಗಿತ್ತು. ಮಾದಪ್ಪನ ಪಟಕ್ಕೆ ಹೂವು, ಎದುರಿಗೆ ತಟ್ಟೆಯಲ್ಲಿ ಕರ್ಪೂರ. ಮಾವ ಕರ್ಪೂರ ಹಚ್ಚಿ “ಊಂ, ಯೋಳಿ,” ಎಂದರು. ಇವರು ಸ್ನಾನ ಮಾಡಿ ಮಡಿಯಾಗಿ ಬಂದಿದ್ದರು, ಬೆವರು ಮಾತ್ರ ಕಿತ್ತು ಬರುತ್ತಿತ್ತು. ಕೈಮುಗಿದರು.

“ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿ ಇಡತಕ್ಕ ಮೀಸಲು ಹಣಕ್ಕೆ...” ಎಂದು ನಿಲ್ಲಿಸಿದರು. “...ಬಡ್ಡಿ ಬೇಕಾಗಿಲ್ಲ.”

“ಯಾವತ್ತೂವೆ,” ಎಂದರು ಮಾವ.

“ಯಾವತ್ತೂ.”

ಮಾದಪ್ಪನಿಗೆ ಇದೆಲ್ಲ ಏನು ಅರ್ಥವಾಯಿತೋ ಗೊತ್ತಿಲ್ಲ. ಮಾವ ಮಾತ್ರ ಗೆದ್ದ ಪೈಲ್ವಾನರ ಹಾಗೆ ಸುತ್ತ ನೋಡಿ, “ಅಮ್ಮಿ, ಎಲೆಅಡಕೆ ತಕ್ಕೊಂಡ್ ಬಾ,” ಎಂದು ಒಳಗೆ ಕೂಗಿದರು.

ಗಿರಿಜಾ ಬರಿಗೈಯಲ್ಲಿ ಬಂದರು. “ನಂಗೀ ಸಂಬಂಧ ಬ್ಯಾಡ ಮಾವ,” ಎಂದರು.

“ಯಾಕಮ್ಮಿ?” ಎಂದರು ಮಾವ.

“ಅವತ್ತು ಇವ್ರು ಬಡ್ಡಿ ಕೊಡ್ಬೇಕು ಅಂತ ಅಂದ್ರಲ್ಲ, ಇಡ್ಕೊಂಡೋರು ಕೊಡ್ಬೇಕು ಅಂತ, ಅದನ್ನ ಕೇಳಿ ನಂಗೆ ಜೀವ ಬಂದಂಗಾಗಿತ್ತು. ಈ ಮನೇಲಿ ಅಂಥ ಮಾತು ಯಾರೂ ಆಡಿರ್ಲಿಲ್ಲ.” ಮಾವನ ಕಡೆ ತಿರುಗಿದರು. “ನೀವು ನಂಗೆ ಅನ್ನ ಆಕಿದ್ರಿ, ಓದ್ಸಿದ್ರಿ. ಇಲ್ಲ ಅನ್ನಾಕಿಲ್ಲ. ಆದ್ರೆ ಬಂದೋರ್ನೆಲ್ಲ ಒಂದೊಂದು ನೆಪ ಯೋಳಿ ಕಳ್ಸುದ್ರಿ. ನಾನು ಇಲ್ಲಿ ಕುಂತಿದ್ದು ನನ್ನಿಷ್ಟಕ್ಕಲ್ಲ ಮಾವ. ನೀವು ಕೂರ್ಸಿದ್ದು. ಅದಕ್ಕೇನಾರ ಕೊಡ್ಬೇಕು ಅಂತ ನಿಮ್ಗ ಒಂದಿನಾನೂ ಅನ್ನಿಸ್ನಿಲ್ಲ. ಈಗ ಇವ್ರೂ ಬ್ಯಾಡ ಅಂದ್ಬುಟ್ರು. ಬ್ಯಾಡ ಅನ್ನೋರ ಮನೇಗೆ ನಾನ್ಯಾಕೆ ಓಗ್ಲಿ? ಇಲ್ಲೇ ಇರ್ತೀನಿ.”

ಆಗ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಎರಡು ಸಲ ಹೋದರೂ ಆಕೆಯ ಧ್ವನಿಯನ್ನು ನಾವು ಕೇಳಿರಲಿಲ್ಲ. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈಯಲ್ಲಿ ಸೌಟು.

“ಅವ್ಳಿಗ ಕೊಡ್ಬೇಕಾದ್ದು ಕೊಟ್ಬುಡಿ,” ಎಂದರು. “ಆಮ್ಯಾಕ ನನ್ ಲೆಕ್ಕಾನೂ ಅದೆ.”

ಒಬ್ಬರು ಬಂದು ಇಟ್ಟದ್ದನ್ನು ವಾಪಸು ಕೇಳಿದರೆ ಅವರ ಹಿಂದೆ ಸಾಲು ಎಲ್ಲಿಯವರೆಗೆ ಬೆಳೆಯುತ್ತದೆ ಎನ್ನುವುದು ಸಂಘ ನಡೆಸಿದವರಿಗೆ ಚೆನ್ನಾಗಿ ಗೊತ್ತು. ಮಾವ ಸೋದರಸೊಸೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕೊನೆಗೆ ಏನೂ ತೋಚದೆ ನನ್ನನ್ನೂ ನೋಡಿದರು. ನಾನು ನನ್ನ ಗಂಡನನ್ನು ನೋಡಿದೆ. ಅವರು ಮಾಳಿಗೆಯ ತೊಲೆಗಳನ್ನು ಗಮನವಿಟ್ಟು ನೋಡುತ್ತಿದ್ದರು.

“ಏನು ಕೊಡ್ಬೇಕಮ್ಮಿ ನಿಂಗ?” ಎಂದರು ಮಾವ. ಆ ಧ್ವನಿಯಲ್ಲಿ ಗತ್ತು ಇರಲಿಲ್ಲ. ವಯಸ್ಸಾದ ಒಬ್ಬ ಮನುಷ್ಯ ಕೇಳಿದ ಹಾಗಿತ್ತು.

“ಇನ್ಮುಂದ ನನ್ ವಿಚಾರ್ದಲ್ಲಿ ಊಂ ಅನ್ನೋದು ಊಊಂ ಅನ್ನೋದು ನಂದು. ಅಷ್ಟು ಕೊಡಿ, ಸಾಕು.”

ಮಾವ ತಲೆಯಾಡಿಸಿದರು. ಗಿರಿಜಾ ಇವರ ಕಡೆ ತಿರುಗಿ, “ನೀವೇನಂತೀರಿ ಈಗ?” ಎಂದು ಕೇಳಿದರು, ಮಕ್ಕಳಿಗೆ ಮಗ್ಗಿ ಕೇಳುವ ಹಾಗೆ.

ಇವರು ಆರುತ್ತಿದ್ದ ಕರ್ಪೂರದ ಮುಂದೆ ಹೋಗಿ ನಿಂತು ಕೆನ್ನೆಗೆ ಹೊಡೆದುಕೊಂಡರು. “ತಪ್ಪಾಯ್ತು ಮಾದಪ್ಪ. ಕೊಡ್ಬೇಕು. ಒಂದು ಭಾಗಕ್ಕೆ ಉಂಟು, ಒಂದು ಭಾಗಕ್ಕೆ ಇಲ್ಲ ಅನ್ನೋದೂ ಸರಿಯಲ್ಲ. ಎಲ್ಲಾದಕ್ಕೂ ಕೊಡ್ಬೇಕು.”

ಗಿರಿಜಾ ಒಳಗೆ ಹೋಗಿ ಎಲೆಅಡಕೆ ತಟ್ಟೆ ತಂದು ಇವರ ಮುಂದಿಟ್ಟರು. ಮಾವ ಪಂಚೆ ಸರಿಮಾಡಿಕೊಂಡು ನಮ್ಮನ್ನು ಬಾಗಿಲ ತನಕ ಕಳಿಸಲು ಬಂದವರು, ಇವರ ಭುಜ ಹಿಡಿದು ನಿಲ್ಲಿಸಿದರು. “ನಾ ಒಪ್ಕೊಂಡೆ ಅಂತ ಬೊಂಬಾಯಿಗ ಗಿಂಬಾಯಿಗ ಕಾಗ್ದ ಬರಿಬ್ಯಾಡ ಕಣಪ್ಪ,” ಎಂದರು.

ಇವರ ಕೋಣೆ ಚಾಮರಾಜನಗರದಲ್ಲೇ ಇದ್ದರೂ ನಮ್ಮನ್ನು ಬಸ್ಸು ಹತ್ತಿಸಲು ಬಂದರು. ಬಸ್ಸು ಹೊರಡಲು ಹೊತ್ತಿತ್ತು. ನನ್ನ ಗಂಡ ಯಾವತ್ತೂ ಇಲ್ಲದ್ದು, ಕಿಟಕಿಯ ಪಕ್ಕದ ಸೀಟನ್ನು ತಾವಾಗಿ ನನಗೆ ಬಿಟ್ಟುಕೊಟ್ಟರು. ಇವರು ಕೆಳಗೆ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದರು. ನೋಡಿದರೆ ಅಳುತ್ತಿದ್ದಾರೆ.

“ಯಾಕೆ ಸಾರ್, ಎಲ್ಲ ಒಳ್ಳೇದಾಯ್ತಲ್ಲ?” ಎಂದೆ.

“ಆಕೆಗೋಸ್ಕರ ನಾನು ನನ್ ಮಾತು ಬಿಟ್ಟೆ ಕಣಮ್ಮ. ನಾನು ಬಿಟ್ಟ ಮಾತನ್ನ ಆಕೆ ಹಿಡ್ಕೊಂಡು, ಅದಕ್ಕೋಸ್ಕರ ನನ್ನನ್ನೇ ಬಿಡೋಕೆ ನಿಂತ್ರು.” ಅಂಗೈಯಿಂದ ಮುಖ ಒರೆಸಿಕೊಂಡರು. ವಿಭೂತಿಯೂ ಅದರ ಜೊತೆ ಹೋಯಿತು. “ಇಂಥವರ ಜೊತೆ ನಾನು ಹ್ಯಾಗೆ ಬಾಳೋದು, ಹೇಳಿ?”

“ಹುಷಾರಾಗಿ,” ಎಂದೆ.

ಬಸ್ಸು ಹೊರಟಿತು. ಕೊನೆಯ ತನಕ ಅವರು ಹಾಗೇ ಬಾಳಿದರು.